ತಾನಾಗಿ ಬಾಗಿದ ಕುಲುಮೆ

ದೂರದಲ್ಲಿದ್ದವರ ಕೂಗು ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವಳು ನಾನು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದೂ ಇಲ್ಲ.

ಎಪ್ಪತ್ತರ ದಶಕದ ಕೊನೆ. ರಾಜಾಜಿನಗರದ ಒಂದು ಎರಕದ ಕಾರ್ಖಾನೆಯಲ್ಲಿ, ಕರಗಿದ ಲೋಹ ತುಂಬಿದ ಕುಲುಮೆಯನ್ನು ಬಾಗಿಸುವ ಕೆಲಸವನ್ನು ಬೀರುವಿನಷ್ಟು ದೊಡ್ಡ ಕಂಪ್ಯೂಟರಿಗೆ ವಹಿಸಿದ್ದರು. ಕುಲುಮೆಯ ಮೋಟಾರನ್ನು ನಡೆಸುವ ಪ್ರೋಗ್ರಾಂ ಬರೆದವಳು ನಾನು. ಒಂದು ದಿನ ಕುಲುಮೆ ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನಷ್ಟು ಬಾಗಿತು. ಅದರ ಆಪರೇಟರ್ ಕಾಮಾಕ್ಷಿಪಾಳ್ಯದ ಸಿದ್ದಣ್ಣ. ಎರಡೂ ಕಾಲು ಸುಟ್ಟು ಅವರು ಆಸ್ಪತ್ರೆ ಸೇರಿದರು.

ಮ್ಯಾನೇಜರ್ ನನ್ನನ್ನು ಕರೆಸಿದರು. "ನೋಡಮ್ಮಾ, ಸೋಮವಾರದೊಳಗೆ ತಪ್ಪು ಎಲ್ಲಿದೆ ಅಂತ ತೋರ್ಸು. ಇಲ್ಲಾಂದ್ರೆ ಸಿದ್ದಣ್ಣನೇ ಸ್ವಿಚ್ ಒತ್ತಿದ ಅಂತ ಬರೆದು ಕೆಲಸದಿಂದ ತೆಗೀತೀವಿ."

ಖಾಲಿ ಕುಲುಮೆಯನ್ನು ಮತ್ತೆ ಮತ್ತೆ ಬಾಗಿಸಿದೆ. ಪ್ರತಿ ಸಲವೂ ಸರಿಯಾಗಿಯೇ ನಿಂತಿತು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಚಿಲಕ ಹಾಕಿಕೊಂಡು, ಗುಂಡಿ ಒತ್ತಿ ಪ್ರೋಗ್ರಾಮಿನ ಒಂದೊಂದೇ ಆಜ್ಞೆಯನ್ನು ನಡೆಸಿ, ಅದು ಎಲ್ಲಿಗೆ ಬಂತೆಂದು ತೋರಿಸುವ ಕಂಪ್ಯೂಟರಿನ ದೀಪಗಳನ್ನು ನೋಡುತ್ತಿದ್ದೆ. ಕಣ್ಣಲ್ಲಿ ನೀರು. ಆಗ ಬೆನ್ನ ಹಿಂದೆಯೇ ಸಿದ್ದಣ್ಣನ ದನಿ ಕೇಳಿತು:

"ತಡೀರಿ ಮೇಡಂ! ಇನ್ನೊಬ್ರು ಕೈ ಹಾಕ್ತಾ ಇದಾರೆ!"

ಗುಂಡಿಯ ಮೇಲೆ ಬೆರಳು ನಿಂತಿತು. ತಿರುಗಿದರೆ ಯಾರೂ ಇಲ್ಲ.

ಬೆವರುತ್ತ ಮತ್ತೆ ದೀಪಗಳ ಕಡೆ ನೋಡಿದೆ. ಕುಲುಮೆ ಎಷ್ಟು ಬಾಗಿದೆ ಎಂಬ ಎಣಿಕೆಯನ್ನು ಪ್ರೋಗ್ರಾಂ ಓದಿಕೊಂಡಿತ್ತು. ತಿದ್ದಿ ಇನ್ನೂ ವಾಪಸು ಬರೆದಿರಲಿಲ್ಲ. ಆ ಸಂದಿಯಲ್ಲೇ ಕುಲುಮೆಯಿಂದ ಇನ್ನೊಂದಿಷ್ಟು ಬಾಗಿದೆ ಎಂಬ ಸಂಕೇತ ಬಂದರೆ? ಕಂಪ್ಯೂಟರ್ ಕೈಲಿದ್ದ ಕೆಲಸ ಬಿಟ್ಟು ಅದೇ ಎಣಿಕೆಯನ್ನು ಹೆಚ್ಚಿಸಿ ಬರುತ್ತದೆ. ನನ್ನ ಪ್ರೋಗ್ರಾಂ ಅದರ ಮೇಲೆ ತಾನು ಓದಿಕೊಂಡಿದ್ದ ಹಳೆಯ ಎಣಿಕೆಯನ್ನೇ ಬರೆದುಬಿಡುತ್ತದೆ. ಇನ್ನೂ ಸಾಕಷ್ಟು ಬಾಗಿಲ್ಲವೆಂದು ತಿಳಿದು ಕುಲುಮೆಯನ್ನು ಮತ್ತೆ ಬಾಗಿಸುತ್ತದೆ. ಆ ಕ್ಷಣದಲ್ಲಿ ಬೇಕೆಂದೇ ಸಂಕೇತ ಕೊಟ್ಟು ನೋಡಿದೆ. ಎಣಿಕೆ ತಪ್ಪಿತು! ಓದುವ ಮೊದಲು ಸಂಕೇತಗಳನ್ನು ತಡೆದು, ಬರೆದಾದ ಮೇಲೆ ಬಿಡುವಂತೆ ಎರಡೇ ಆಜ್ಞೆ ಸೇರಿಸಿದೆ.

ಸಂಜೆ ಆಸ್ಪತ್ರೆಗೆ ಓಡಿದೆ. ಸಿದ್ದಣ್ಣ ಜ್ವರದಲ್ಲಿ ಮೈಮರೆತು ಮಲಗಿದ್ದರು. ಅವರ ಹೆಂಡತಿ ಪಕ್ಕದಲ್ಲಿದ್ದರು. "ಮಧ್ಯಾಹ್ನ ಊಟದ ಹೊತ್ತಲ್ಲಿ ಎದ್ದು ಕೂತು 'ತಡೀರಿ ಮೇಡಂ' ಅಂತ ಕಿರುಚಿಬಿಟ್ರಮ್ಮಾ. ಯಾವ ಮೇಡಮ್ಮೋ ಏನೋ!"



ಸಿದ್ದಣ್ಣನ ಕೆಲಸ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಆಮೇಲೆ ಕೇಳಿದರೆ, ಕೂಗಿದ್ದೇ ಅವರಿಗೆ ನೆನಪಿರಲಿಲ್ಲ. ವರದಿಯಲ್ಲಿ 'ತಪ್ಪು ಹೇಗೆ ಪತ್ತೆಯಾಯಿತು' ಎಂಬ ಸಾಲಿನ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಕೊನೆಗೆ ಖಾಲಿ ಬಿಟ್ಟೆ. ಈಗ ಬರೆಯಲು ಹೇಳಿದರೂ ಖಾಲಿಯೇ ಬಿಡುತ್ತೇನೆ.