ಜಪಾನಿನ ನಾರುಬಟ್ಟೆ, ಭಾಲ್ಕಿಯ ತೊಟ್ಟಿಲು

ನಾನು ಒಯ್ದ ರೇಷ್ಮೆ ಕುಂಚಿಗೆಯನ್ನು ನನ್ನ ತಂಗಿ ಮುಟ್ಟಲೇ ಇಲ್ಲ.

ಕಳೆದ ವಾರ ಭಾಲ್ಕಿಯಲ್ಲಿ ಅವಳ ಮಗನನ್ನು ತೊಟ್ಟಿಲಿಗೆ ಹಾಕಿದರು. ಕೂಸಿನ ಮೊದಲ ಬಟ್ಟೆ ಸೋದರಮಾವನದು. ಬೀದರಿನ ಅಂಗಡಿಗಳನ್ನೆಲ್ಲ ಸುತ್ತಿ ತಂದಿದ್ದೆ.

"ಬ್ಯಾಡ ಅಣ್ಣಾ. ಭಾಳ ಚೆಂದ ಅದ," ಎಂದಳು.

ಚೆಂದವೇ ಅವಳ ಭಯ. ಮೊದಲಿನ ಎರಡೂ ಕೂಸುಗಳು ಜ್ವರದಲ್ಲಿ ಹೋದವು. ಎರಡನೆಯದನ್ನು ಬೀದರಿನ ದವಾಖಾನೆಗೆ ಒಯ್ಯುತ್ತಿದ್ದೆವು; ರೈಲು ಹಲಬರ್ಗಾ ದಾಟುವ ಮೊದಲೇ ಕೂಸಿನ ಮೈ ತಣ್ಣಗಾಯಿತು. (ಎರಡಕ್ಕೂ ರೇಷ್ಮೆ ತಂದವನು ನಾನೇ.)

ಅವಳ ಗಂಡನ ಕಾಕಾ ಎದ್ದು ಒಳಗೆ ಹೋದರು. ಫೌಜಿನಲ್ಲಿದ್ದವರು, ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಪಹರೆ ಮಾಡಿ ಬಂದವರು. ಟ್ರಂಕಿನಿಂದ ಒಂದು ಬಟ್ಟೆ ತಂದರು. ಒರಟು, ಮಾಸಿದ ನೀಲಿ, ಮೇಲೆ ಎಲೆಗಳ ಚಿತ್ತಾರ.

ತಂಗಿಯ ಅತ್ತೆ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಪುಂಡಿನಾರ ಇದ್ದಂಗ ಅದಲ್ಲೊ. ಎತ್ತಿಗಿ ಹಗ್ಗಾ ಹೊಸೀತೀವಿ ಇದರಾಗ. ನಮ್ಮ ಜಿಲ್ಲಾ ಮೈಸೂರ ರಾಜ್ಯಕ್ಕ ಸೇರೂ ಹೊತ್ತಿನ್ಯಾಗ ನನ್ನ ಮೊಮ್ಮಗಗ ಗೋಣಿಚೀಲಾ ಹೊಚ್ಚತಿ ಏನು?"

"ವೈನಿ, ಅಲ್ಲಿ ಬಡವರು ಮೊದಲಿಂದ ಇಂಥಾದ್ದೇ ಉಟ್ಟಾರ್ರಿ. ಹತ್ತಿ ಬಂದದ್ದು ಆಮ್ಯಾಲ. ಗಿಡದ ತೊಗಟಿ ಸುಲದು, ನಾರಿಗಿ ನಾರು ಹೊಸೆದು, ಚಳಿಗಾಲ ಪೂರಾ ನೇಯತಿದ್ರಂತ. ಆ ಗಿಡ ನೆಟ್ಟಗ ಬೆಳೀತದ, ಲಗೂನ ಬೆಳೀತದ. ಅದಕ್ಕ ಕೂಸಿಗಿ ಅದರ ಎಲಿ ಚಿತ್ತಾರದ ಬಟ್ಟಿ ಹಾಕ್ತಾರ. ಒಬ್ಬ ಮುದುಕಿ ತನ್ನ ಮೊಮ್ಮಗನ ಬಟ್ಟಿ ಕೊಟ್ಟಾಳ."

ತಂಗಿ ತಲೆ ಎತ್ತಿದಳು. "ಆ ಕೂಸು ಉಳೀತೇನ್ರಿ ಕಾಕಾ?"

ಕಾಕಾ ಬಟ್ಟೆಯ ಮಡಿಕೆ ಬಿಡಿಸಿ ಅವಳ ಮುಂದೆ ಹಿಡಿದರು. "ನಾ ಬರೂತನಕ ಮೊಮ್ಮಗ ಅಂಗಳದಾಗ ಓಡತಿದ್ದವ್ವಾ."

ಅವಳು ಕೈ ಚಾಚಿ ಬಟ್ಟೆ ತೆಗೆದುಕೊಂಡಳು. ಸುತ್ತಿದಾಗ ಕೂಸು ಅತ್ತಿತು. ಒರಟು ನಾರು ಚುಚ್ಚಿರಬೇಕು. ಆದರೂ ಅವಳು ಬಿಚ್ಚಲಿಲ್ಲ.

ಬಟ್ಟೆಯಿಂದ ಜ್ವರ ನಿಲ್ಲುತ್ತದೆಯೇ? ಹಾಗೆ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆ ಬಟ್ಟೆ ಬಿಟ್ಟು ಅವಳ ಕೈಗೆ ಕೊಡಲು ನನ್ನ ಬಳಿ ಏನಿತ್ತು?

ಸ್ಟೇಶನ್ನಿಗೆ ಹೊರಟಾಗ ಬಾಗಿಲವರೆಗೆ ಬಂದಳು.

"ಅಣ್ಣಾ, ನೀ ಪೇಪರಿನ್ಯಾಗ ಬರೀತಿ ಅಲ್ಲ. ಮೈಸೂರಿಗಿ ಸೇರಿದ ಮ್ಯಾಲ ಭಾಲ್ಕಿಗಿ ಒಬ್ಬಾಕಿ ಡಾಕ್ಟರೀಣ ಬರ್ತಾಳೇನು?"

ಮುಂದಿನ ತಿಂಗಳು ನಾವು ಮೈಸೂರು ರಾಜ್ಯದವರು. ಔರಾದಿನಿಂದ ಬೀದರಿನವರೆಗೆ ಚಹಾದಂಗಡಿಗಳಲ್ಲಿ ಎರಡೇ ಜಗಳ: ಕಚೇರಿಯ ಕಾಗದ ಯಾವ ಭಾಷೆಯಲ್ಲಿ? ಗಡಿಯ ಹಳ್ಳಿ ಡಾಬಕಾ ಯಾರ ಕಡೆ? ನಾನೂ ಮೇಜು ಗುದ್ದಿ ಮಾತಾಡಿದ್ದೇನೆ.

ತಂಗಿ ಕೇಳಿದ್ದನ್ನು ಮಾತ್ರ ನಾನು ಒಮ್ಮೆಯೂ ಕೇಳಿರಲಿಲ್ಲ. ನೀವು ಕೇಳಿದ್ದೀರಾ?