ಗೋಡೆಯ ಮೇಲಿನ ಎಕ್ಸ್

ನನ್ನ ತಂಗಿ ಚಿನ್ನಮ್ಮನ ಓದು ನಿಂತದ್ದು ನನ್ನ ಒಂದು ಸುಳ್ಳಿನಿಂದ. ಚಿನ್ನೂ, ಇದನ್ನು ನಿನಗೆ ಹೇಳದೆಯೇ ಮುದುಕಿಯಾಗಿಬಿಟ್ಟೆ.

ನಿನ್ನೆ ಮೊಮ್ಮಗಳು ಶರಣ್ಯ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು: ಎಕ್ಸ್‌ಗೆ ಮೂರು ಕೂಡಿಸಿದರೆ ಹತ್ತು, ಎಕ್ಸ್ ಎಷ್ಟು? ಬೆರಳು ಮಡಚಿ ಏಳು ಎಂದೆ. ಸರಿಯಾಗಿತ್ತು! ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಮಗ್ಗಕ್ಕೆ ಕೂತವಳು ನಾನು — ಎದುರುಮನೆಯವಳನ್ನು ಕರೆದು ಹೇಳಿದೆ, ತರಕಾರಿಯವನಿಗೂ ಹೇಳಿದೆ. ಆಗ ಮಗು ನಿನ್ನ ಬಗ್ಗೆ ಅಂದಿತು: "ಚಿಕ್ಕಜ್ಜಿ ಇದಕ್ಕಿಂತ ಕಷ್ಟದ್ದನ್ನ ಫೋನಲ್ಲೇ ಏಳ್ಬಿಟ್ರು ಅಜ್ಜಿ." ಈ ವಯಸ್ಸಿನಲ್ಲೂ — ಅದೇ ಹೊಟ್ಟೆಕಿಚ್ಚು.

ಚಿಕ್ಕವರಿದ್ದಾಗ ಸೇಲಂನ ಆ ಮನೆಯಲ್ಲಿ ನಾನು ನೇಯುವಾಗ ನೀನು ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡುತ್ತಿದ್ದೆ; ನಮ್ಮ ಮನೆಮಾತಲ್ಲಿ ಅದು 'ಕಣಕ್ಕು'. ಅಂಕಿಯ ಜಾಗದಲ್ಲಿ ಅಕ್ಷರ ಯಾಕೆ ಎಂದು ಕೇಳಿದರೆ ನೀನು ನಕ್ಕೆ. "ಅವ್ವ ಅಪ್ಪನ ಎಸ್ರು ಏಳ್ತಾಳಾ? 'ಅವ್ರು' ಅಂತಾಳೆ. ಅಂಗಂತ ಅಪ್ಪಂಗೆ ಎಸ್ರಿಲ್ವಾ? ಎಕ್ಸೂ ಅಂಗೇ ಅಕ್ಕಾ. ಅದ್ರೊಳ್ಗೆ ಒಂದ್ ನಂಬರ್ ಐತೆ, ನಾವ್ ಕಂಡಿಡೀಬೇಕು." ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅದಕ್ಕೇ ನನ್ನ ತಪ್ಪಿಗೆ ನೆಪವಿಲ್ಲ.

ಸ್ವಲ್ಪ ದಿನಕ್ಕೆ ನಿಮ್ಮ ಟೀಚರ್ ಮನೆಗೇ ಬಂದು, ಇವಳನ್ನು ಮುಂದಕ್ಕೆ ಓದಿಸಿ ಎಂದು ಹೇಳಿ ಹೋದರು. ನನಗಾಗಿ ಯಾರೂ ಹಾಗೆ ಬಾಗಿಲಿಗೆ ಬಂದಿರಲಿಲ್ಲ... ಅಂಕಿ ಬಿಟ್ಟು ಬೇರೇನೂ ಓದಲು ಬಾರದ ಅಪ್ಪ ಆ ಗೋಡೆಯ ಮುಂದೆ ನಿಂತರು. "ಏನಮ್ಮಾ ಇದು, ಕಣಕ್ಕಲ್ಲಿ ಎಬಿಸಿಡಿ ಬರ್ದವ್ಳೆ?"

ಲಾಳಿ ನಿಲ್ಲಿಸದೆಯೇ ಹೇಳಿದೆ: "ಅವ್ಳಿಗೆಲ್ಲಿ ಕಣಕ್ಕು ಬರ್ತೈತಪ್ಪಾ. ನಂಬರ್ ಗೊತ್ತಾಗ್ದಿದ್ರೆ ಅಕ್ಷರ ಗೀಚ್ತಾಳೆ. ಟೀಚರ್ ಸುಮ್ನೆ ಏಳ್ತಾರೆ."

ಅಪ್ಪ ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದರು. ಆ ಬೇಸಿಗೆ ರಜೆ ಮುಗಿದಾಗ ನಿನ್ನನ್ನು ಶಾಲೆಗೆ ಕಳಿಸಲಿಲ್ಲ, ನನ್ನ ಪಕ್ಕದ ಮಗ್ಗಕ್ಕೆ ಕೂರಿಸಿದರು. ನೀನು ಅಳುತ್ತಾ ನೇಯುವಾಗ ನಾನು — ಬರೆಯಲು ನಾಚಿಕೆ — ಹಗುರವಾಗಿದ್ದೆ.

ನೀನೀಗ ಇರುವ ಹರೂರಿನಿಂದ ಬಂದಾಗಲೆಲ್ಲ ನೀನು ಅನ್ನುತ್ತೀ: "ಯಾರೋ ಅಪ್ಪನ ಕಿವಿ ಊದಿದ್ರು ಅಕ್ಕಾ." ನಾನು ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಈ ಭಾನುವಾರ ಬರುತ್ತೀಯಲ್ಲ. ಈ ಸಲ ಎದ್ದು ಹೋಗುವುದಿಲ್ಲ. ಶರಣ್ಯಳ ಎದುರಿಗೇ ಹೇಳುತ್ತೇನೆ — ಮಾತು ಬಿಡುವುದಾದರೆ ಬಿಡು. ಆ 'ಯಾರೋ' ಎಂಬುದರೊಳಗೆ ಇಷ್ಟು ಕಾಲ ಅಡಗಿ ಕೂತವಳು ನಿನ್ನ ಅಕ್ಕ.