ಪಾಕೀಟು ಪೀರಮ್ಮನ ಮಾಲ್ಟ್

ಪೀರಮ್ಮನಿಗೆ ಓದು ಬರುವುದಿಲ್ಲ, ತನ್ನ ಮುಖ ಮಾತ್ರ ತನಗೆ ಗೊತ್ತು. ಹೋದ ಜನವರಿಯಲ್ಲಿ, ತೆಲಂಗಾಣದ ಗಡಿಯ ಕಂಗ್ಟಿಯಿಂದ ಒಳಗಿರುವ ಅವಳ ಹಳ್ಳಿಗೆ ಬಿಳಿ ವ್ಯಾನೊಂದು ಬಂತು. ಅದರಿಂದ ಇಳಿದ ಹೈದರಾಬಾದಿನ ಹೆಣ್ಣುಮಗಳೊಬ್ಬಳು ತನ್ನ ಪುಟ್ಟ ಗಾಜಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟು, ಫೋಟೋಕ್ಕೆ ನಗಬೇಕೆಂದು ಸನ್ನೆ ಮಾಡಿದಳು. ಪೀರಮ್ಮ ನಗುವ ಮೊದಲು ಬಾಟಲಿಗೆ ಅಂಟಿಸಿದ್ದ ಚೀಟಿ ನೋಡಿದಳು. ಚೀಟಿಯಲ್ಲಿ ಪೀರಮ್ಮ ಆಗಲೇ ನಗುತ್ತಿದ್ದಳು.

ಬಾಟಲಿಯೊಳಗೆ ಇದ್ದದ್ದು ಜೋಳದ ಸಾರಾಯಿ. ಜೋಳವೂ ಅವಳದೇ. ಇಡೀ ಮಂಡಲದಲ್ಲಿ ಸಾರಾಯಿಯ ಮೇಲೆ ಅಚ್ಚಾಗಬಾರದ ಮುಖ ಒಂದಿದ್ದರೆ ಅದು ಇವಳದು. ಯಾಕೆಂದು ಹೇಳುತ್ತೇನೆ. ಸಮಾಧಾನದಿಂದ ಹೇಳಲು ನನ್ನಿಂದಾಗದು, ಯಾಕೆಂದರೆ ಆ ವ್ಯಾನಿನಲ್ಲಿ ನಾನೂ ಇದ್ದೆ.

ಪೀರಮ್ಮನ ಗಂಡ ತುಳಸಿರಾಮ ಕುಡಿಯುತ್ತಿದ್ದ. ಮೂವತ್ತು ವರ್ಷಗಳ ಹಿಂದೆ ಸಾರಾಯಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತಿತ್ತು. ಜೀಪು ಊರಿಗೇ ತಂದು ಇಳಿಸುತ್ತಿತ್ತು. ಕೈಯಲ್ಲಿ ರೊಕ್ಕವಿಲ್ಲದವರು ಕಾಳು ಕೊಟ್ಟು ಪಾಕೀಟು ಒಯ್ಯುತ್ತಿದ್ದರು. ಒಂದು ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ, ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಬಾಯಿಗೆ ಸಗಣಿ ಮೆತ್ತಿಟ್ಟಿದ್ದ ಬೀಜದ ಗಡಿಗೆಯನ್ನು ಪೀರಮ್ಮ ಬಿಚ್ಚಿ ನೋಡಿದರೆ ಒಳಗೆ ಬರೀ ಬೂದಿ. ತುಳಸಿರಾಮ ಕಾಳನ್ನಷ್ಟೇ ಸೋಸಿ ಒಯ್ದು, ಬಾಯಿಗೆ ಮತ್ತೆ ಸಗಣಿ ಮೆತ್ತಿ ಇಟ್ಟಿದ್ದ. "ಅಷ್ಟ್ ನೀಟ್ ಕೆಲಸ ಹೊಲದಾಗ ಒಂದಿನಾರ ಮಾಡಿದ್ರ ನಾವು ಗೌಡ್ರಾಗತಿದ್ವಿ" ಎಂದು ಪೀರಮ್ಮ ಈಗಲೂ ಹೇಳುತ್ತಾಳೆ. ಆ ವರ್ಷ ಅವಳು ಮನೆಮನೆಗೆ ಸೆರಗೊಡ್ಡಿ ಬೀಜ ತಂದು ಬಿತ್ತಿದಳು. ಮರುವರ್ಷ ತುಳಸಿರಾಮ ಹೊಟ್ಟೆ ಊದಿ ಸತ್ತ.

ಅದಾಗಿ ತಿಂಗಳಾದ ಮೇಲೆ ಪಾಕೀಟಿನ ಜೀಪು ಬಂದಾಗ ಪೀರಮ್ಮ ಕುಡುಗೋಲು ಹಿಡಿದು ದಾರಿಗೆ ಅಡ್ಡ ನಿಂತಳು. ಅವಳ ಹಿಂದೆ ಹನ್ನೊಂದು ಹೆಂಗಸರು. ಆಗ ಅದೇ ಊರಲ್ಲಿದ್ದ ನಮ್ಮವ್ವ ಅಮೃತಬಾಯಿಯೂ ಅವರಲ್ಲಿದ್ದಳು. ಡ್ರೈವರಿಗೆ ಒಂದೇಟೂ ಬೀಳಲಿಲ್ಲ. ಪಾಕೀಟುಗಳನ್ನು ಮಾತ್ರ ಒಂದೊಂದಾಗಿ ಸೀಳಿದರು. ದಾರಿಯ ಮಣ್ಣು ಮೂರು ದಿನ ನಾರುತ್ತಿತ್ತು ಎಂದು ಅವ್ವ ಹೇಳುತ್ತಾಳೆ. "ನನ್ನ ಕಾಳು ಇನ್ನ ಮ್ಯಾಲ ದಾರೂಕ್ಕ ಹೋಗಂಗಿಲ್ಲ" ಎಂದು ಪೀರಮ್ಮ ಅಂದಳು. ಹಾಗೆ ಅವಳು ಪಾಕೀಟು ಪೀರಮ್ಮ ಆದಳು.

ಅಂದ ಮಾತನ್ನು ಅವಳು ನಡೆಸಿದಳು ಕೂಡ. ಸಂತೆಯಲ್ಲಿ ಜೋಳ ಮಾರುವಾಗ "ಯಾಕ ಒಯ್ಯಾಕತ್ತಿ?" ಎಂದು ಕೇಳಿಯೇ ಸೇರು ಎತ್ತುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. "ರೊಟ್ಟಿ ತಿನ್ನಾಕ ಬೇ. ಮತ್ತೇನ್ ಮಾರಿಗಿ ಬಡಕೊಳ್ಳಾಕೇನು?" ಅವಳಿಗೆ ನಗು ಬರುತ್ತಿರಲಿಲ್ಲ.

ಮಾಲ್ಟ್ ಕಲಿತದ್ದು ಆಮೇಲೆ. ನಮ್ಮ ಕಡೆ ಮಾಲ್ಟ್ ಎಂದರೆ ಒಂದೇ ಅರ್ಥ: ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಕಾಳಿನ ಹಿಟ್ಟು. ಬೆಲ್ಲ ಹಾಕಿ ಕುದಿಸಿ ಸೊರಗಿದ ಕೂಸಿಗೆ, ಬಾಣಂತಿಗೆ ಕೊಡುತ್ತಾರೆ. ಪಸ್ತಾಪುರದ ಕಡೆಯ ಹೆಂಗಸರಿಂದ ಹಳೆಯ ತಳಿಯ ಜೋಳದ ಬೀಜ ತಂದು ಬೆಳೆಸಿದ ಪೀರಮ್ಮ, ಊರಿನ ಅಂಗನವಾಡಿಗೆ ತಾನೇ ಮಾಲ್ಟ್ ಮಾಡಿಕೊಡುತ್ತಿದ್ದಳು. ಒಂದು ರಾತ್ರಿ ನೆನೆಸಿ, ಒದ್ದೆ ಗೋಣಿಯ ಮೇಲೆ ಹರವಿ, ಮೂರು ದಿನ ಮುಚ್ಚಿಟ್ಟು, ಮಾಳಿಗೆಯ ಮೇಲೆ ಒಣಗಿಸಿ, ಆಮೇಲೆ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬೇರಿನ ಎಳೆಗಳನ್ನೆಲ್ಲ ಉದುರಿಸುತ್ತಾಳೆ. ಒಂದು ಎಳೆ ಉಳಿದರೂ ಕಹಿ, ಕೂಸು ಉಗುಳುತ್ತದೆ ಎಂಬುದು ಅವಳ ಲೆಕ್ಕ.

ಈ ಮಾಲ್ಟನ್ನು ಹುಡುಕಿಕೊಂಡು ಹೋದ ಶ್ರಾವಣದಲ್ಲಿ ಉಮಾಕಾಂತ ಬಂದ. ನಾರಾಯಣಖೇಡದಲ್ಲೇ ಹುಟ್ಟಿ ಬೆಳೆದವನು, ಒಳ್ಳೆ ಬಟ್ಟೆ, ಒಳ್ಳೆ ಮಾತು. ತಾಂಡೂರಿನ ಹೊರಗಿನ ಕಂಪನಿಯವನು ಎಂದಷ್ಟೇ ಹೇಳಿಕೊಂಡ. ಏನು ಮಾಡುವ ಕಂಪನಿ ಎಂದು ಹೇಳಲಿಲ್ಲ. ಅಂದಿನ ಮಾತನ್ನು ಪೀರಮ್ಮನ ಸೊಸೆ ಸರಿತಾ ನನಗೆ ಇದ್ದ ಹಾಗೇ ಒಪ್ಪಿಸಿದ್ದಾಳೆ.

"ಆಯಿ, ನಮಗ ಜೋಳದ ಮಾಲ್ಟ್ ಬೇಕಾಗ್ಯದ. ಹುರಿಯೋದು, ಬೀಸೋದು ಏನೂ ಬ್ಯಾಡ್ರಿ. ಮೊಳಕಿ ಒಣಗಿಸಿ ಕೊಡ್ರಿ ಸಾಕು."

"ಎಷ್ಟ್ ಬೇಕಪಾ?"

"ವಾರಕ್ಕ ಮೂರು ಚೀಲ."

"ಅಯ್ಯ, ಮೂರು ಚೀಲ! ಅಷ್ಟ್ ಮಕ್ಕಳು ಅವೇನು ನಿಮ್ಮಲ್ಲಿ?"

"ಭಾಳ ಮಂದಿ ಅದಾರ ಆಯಿ."

"ಕುಡೀತಾವಿಲ್ಲೋ ಬರಾಬರಿ? ಕೆಲವು ಉಗುಳ್ತಾವ."

ಉಮಾಕಾಂತ ನಕ್ಕನಂತೆ. "ಕುಡೀತಾರ ಆಯಿ. ಒಮ್ಮಿ ಕುಡಿದ್ರ ಮತ್ತ ಮತ್ತ ಕೇಳಿ ಕುಡೀತಾರ."

ಪೀರಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಓಣಿಯ ಹತ್ತು ಹೆಂಗಸರನ್ನು ಕೂಡಿಸಿದಳು, ಕಲಿಸಿದಳು. ತಿಕ್ಕಿದ್ದು ಸಾಲದಾದರೆ ಚೀಲ ಮತ್ತೆ ಸುರಿಸಿ ತಿಕ್ಕಿಸಿದಳು, ಕಲ್ಲು ಬಂದರೆ ಬೈದಳು. "ಹಾಲ್ಹಲ್ಲು ಮುರೀತಾವ ಬೇ, ಕಣ್ಣಿಟ್ಟು ನೋಡು!" ಆರು ತಿಂಗಳು ಹೀಗೆ ಯಾವುದೋ ಊರಿನ, ಕಾಣದ ಕೂಸುಗಳ ಬಾಯಿಗೆ ಹೆದರಿ ಹೆದರಿ ಆ ಹೆಂಗಸರು ಕಾಳು ತಿಕ್ಕಿದರು. ನಡುವೆ ಒಮ್ಮೆ ಉಮಾಕಾಂತ ಪೀರಮ್ಮನ ಫೋಟೋ ತೆಗೆದುಕೊಂಡು ಹೋದ. ಮಾಲಿನ ಮೇಲೆ ಹಾಕುತ್ತೇವೆ ಎಂದ. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟೂ ಒತ್ತಿಸಿಕೊಂಡ. ಹಿಟ್ಟಿನ ಚೀಲದ ಮೇಲೆ ತನ್ನ ಮುಖ ಬರುತ್ತದೆ ಎಂದು ಅವಳು ಆ ದಿನ ಹೊಸ ಸೀರೆ ಉಟ್ಟಿದ್ದಳು.

ಇನ್ನು ವ್ಯಾನು. ಸಾರಾಯಿ ಕಾರ್ಖಾನೆ, ಬೀರು ಕಾರ್ಖಾನೆ, ವೈನಿನ ತೋಟ ಮೂರನ್ನೂ ಒಂದೇ ದಿನ ತೋರಿಸಿ, ಕೊನೆಗೆ "ಜೋಳದ ಆಯಿಯ ಮನೆ"ಯಲ್ಲಿ ಊಟ ಹಾಕಿಸುವ ಪ್ರವಾಸ. ನನ್ನನ್ನು ಹಿಡಿದು ಎಂಟು ಮಂದಿ. ಬರೆಯಲು ಏನಾದರೂ ಸಿಗುತ್ತದೆ ಎಂದು ತಾಂಡೂರು ಸ್ಟೇಷನ್ನಿನ ಎದುರು ನಾನೂ ಹತ್ತಿದೆ. ತೋರಿಸುವವನು ಉಮಾಕಾಂತ. ಗಾಡಿ ಓಡಿಸುವವನು ಝರಾಸಂಗಂ ಕಡೆಯ ಗುರುಬಸವ, ಕೊರಳಲ್ಲಿ ಲಿಂಗ, ಹನಿ ಮುಟ್ಟದ ಮನುಷ್ಯ.

ಮೊದಲು ತಾಂಡೂರಿನ ಕಾರ್ಖಾನೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅದೂ ಒಂದು ಜಾಹೀರಾತು. ನೆಲಕ್ಕೆ ನಮ್ಮ ತಾಂಡೂರಿನದೇ ಬಂಡೆ, ಗೋಡೆಗೆ ಮೊರ, ಕೊಳವೆಗಳಿಗೆ ಹಿತ್ತಾಳೆ ಹೊಳಪು. ಪ್ರತಿಯೊಬ್ಬರ ಕೈಗೂ ಒಂದೊಂದು ಪುಟ್ಟ ಬಾಟಲಿ ಕೊಟ್ಟರು. ಕೈಕಾಗದದ ಚೀಟಿ, ಅದರ ಮೇಲೆ ಇಂಗ್ಲಿಷಿನಲ್ಲಿ 'ಆಯಿ' ಎಂದು ಹೆಸರು, ಕೆಳಗೆ ಹೊಸ ಸೀರೆಯ ಪೀರಮ್ಮ. ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ ಗುರುತಿಗೆ. ನಮ್ಮವ್ವನ ಜೊತೆ ಕುಡುಗೋಲು ಹಿಡಿದು ನಿಂತವಳು. ನಾನು ಬಾಟಲಿಯನ್ನು ಚೀಲದೊಳಗೆ ಹಾಕಿಕೊಂಡು ಸುಮ್ಮನಾದೆ.

ಜಹೀರಾಬಾದ್ ಹೊರಗೆ ಬೀರು ಕುಡಿಸಿದರು. ನಾರಾಯಣಖೇಡದ ದ್ರಾಕ್ಷಿ ತೋಟದಲ್ಲಿ ವೈನು ಕೊಟ್ಟು, ಬಾಯಲ್ಲಿ ಆಡಿಸಿ ಡಬ್ಬಿಯಲ್ಲಿ ಉಗುಳಿರಿ ಎಂದರು. ಮಂದಿ ಸಾಲಾಗಿ ನಿಂತು ಉಗುಳಿದರು. ಗುರುಬಸವ ನನ್ನ ಪಕ್ಕ ಬಂದು, "ಉಗುಳಾಕ ಇಷ್ಟ್ ದೂರ ಡೀಸೆಲ್ ಸುಟ್ಟು ಬರಬೇಕೇನ್ರಿ ಸಾಬ್? ನಮ್ಮ ಬಸ್‌ಸ್ಟ್ಯಾಂಡ್ ಇತ್ತಲ್ಲ" ಎಂದ.

ನಗು ಬಂತು. ಆಮೇಲೆ ನಾನು ಉಮಾಕಾಂತನನ್ನು ಒಂದು ಬದಿಗೆ ಕರೆದು ಕೇಳಿದೆ. "ಆ ಪೀರಮ್ಮಗ ಗೊತ್ತೇನ್ರಿ, ಇದು ಏನು ಅಂತ?"

"ಮಾಲ್ಟ್ ಅಂತ ಹೇಳೀನಿ ಸರ್. ಮಾಲ್ಟೇ ಅದ. ಬೀರಿಗೂ ಮಾಲ್ಟ್, ವಿಸ್ಕಿಗೂ ಮಾಲ್ಟ್. ಸುಳ್ಳ ಹೇಳೀನೇನು?"

ಸುಳ್ಳು ಹೇಳಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಹೈದರಾಬಾದಿನವನು ಹೇಳಿದ್ದರೆ ಗೊತ್ತಿಲ್ಲದೆ ಹೇಳಿದ ಎನ್ನಬಹುದಿತ್ತು. ಇವನು ಅದೇ ಮಾಲ್ಟ್ ಕುಡಿದು ಬೆಳೆದವನು. ಅವಳ ಕಿವಿಗೆ ಆ ಮಾತು ಏನಾಗಿ ಬೀಳುತ್ತದೆ ಎಂದು ತಿಳಿದೇ ಆಡಿದ. ಇಷ್ಟೆಲ್ಲ ತಿಳಿದ ಮೇಲೂ ನಾನು ವ್ಯಾನು ಹತ್ತಿ ಕೂತೆ.

ಹೀಗೆ ನಾವು ಅವಳ ಅಂಗಳಕ್ಕೆ ಬಂದೆವು, ಬಾಟಲಿ ಅವಳ ಕೈಗೆ ಬಂತು.

"ಇದೇನೋ ಉಮಾಕಾಂತ?"

"ನಿಮ್ಮ ಮಾಲ್ಟೇ ಆಯಿ. ನೋಡ್ರಿ, ಫೋಟೋ ಎಷ್ಟ್ ಛಲೋ ಬಂದದ."

ಅವಳು ಬಿರಡೆ ತಿರುವಿ ಮೂಗಿನ ಹತ್ತಿರ ಹಿಡಿದಳು. ತಟ್ಟನೆ ದೂರ ಹಿಡಿದು ಸೊಸೆಯ ಕಡೆ ತಿರುಗಿದಳು. "ಸರಿತಾ, ಇದು ನಿಮ್ಮ ಮಾವನ ಬಾಯಿ ವಾಸನಿ."

ಕ್ಯಾಮೆರಾ ಹಿಡಿದ ಹೆಣ್ಣುಮಗಳು ಏನೂ ತಿಳಿಯದೆ ಇನ್ನೂ ನಗುತ್ತಿದ್ದಳು.

"ಮಕ್ಕಳು ಕುಡೀತಾವ ಅಂದಿ ನೀ."

"ಮಕ್ಕಳು ಅಂತ ನಾ ಎಲ್ಲಿ ಅಂದೀನಿ ಆಯಿ? ನೀವೇ ಅಂದ್ರಿ."

"ಹೌದು, ನಾ ಅಂದೆ. ನೀ ನಕ್ಕಿ. ಕೂಸಿನ ಮಾತಿಗಿ ನಕ್ಕಾನ ಅಂತ ನಾ ಅನ್ಕೊಂಡೆ."

ಪ್ರವಾಸಿಗಳಲ್ಲಿ ಹಿರಿಯನೊಬ್ಬ ಹಿಂದಿಯಲ್ಲಿ ಸಮಾಧಾನ ಹೇಳಲು ಬಂದ. ಇದು ಆ ಹಳೆಯ ಸಾರಾಯಿಯಂಥದ್ದಲ್ಲ ಅಮ್ಮಾ, ದೊಡ್ಡವರು ಕುಡಿಯುವ ಚೊಕ್ಕ ಮಾಲು, ನಿಮ್ಮ ಜೋಳಕ್ಕೆ ಮರ್ಯಾದೆ ಬಂದಿದೆ ಎಂದ. ದಖನಿ ಉರ್ದು ಬರುವ ಪೀರಮ್ಮನಿಗೆ ಅದು ಅರ್ಥವಾಯಿತು, ಆದರೂ ಕನ್ನಡದಲ್ಲೇ "ನಶಾ ಏರಂಗಿಲ್ಲೇನು?" ಎಂದು ಕೇಳಿದಳು. ಉಮಾಕಾಂತ ಅದನ್ನು ಅವನಿಗೆ ಹೇಳಿದ. ಏರುತ್ತದೆ ಎಂದನು ಆತ. "ಮತ್ತ?" ಎಂದಳು.

ಸರಿತಾ ಮೆಲ್ಲಗೆ, "ಅತ್ತಿ, ಮಾಳಿಗಿ ಮ್ಯಾಲ ಮೂರು ಚೀಲ ಒಣಗ್ಯಾವ. ಹತ್ತು ಮಂದಿ ಕೈ ಅದ ಅದರಾಗ. ಏನ್ ಹೇಳೋದು ಅವರಿಗಿ?" ಎಂದಳು.

"ಮಾಲ್ಟ್ ಅಂದ್ರ ಏನು ಅಂತ ನಾ ಹೇಳ್ತೀನಿ. ಆಮ್ಯಾಲ ಕೊಡಾವ್ರು ಕೊಡಲಿ. ನನ್ನ ಪಾಲು ಹೋಗಂಗಿಲ್ಲ."

ಆಮೇಲೆ ಅವಳು ಒಳಗೆ ಹೋದಾಗ ಕುಡುಗೋಲು ಬರುತ್ತದೆ ಎಂದೇ ಗುರುಬಸವ ಎರಡು ಹೆಜ್ಜೆ ಹಿಂದೆ ಸರಿದ. ಬಂದದ್ದು ಜೋಳ ನೆನೆಸುವ ತಪ್ಪೇಲಿ, ತುಂಬ ನೀರು. "ಎಲ್ಲಾರ ಬಾಟ್ಲಿ ತರ್ರಿ" ಎಂದಳು. ಕೊಟ್ಟರು. ಕಾಳು ನೆನೆಸಿದ ಹಾಗೆಯೇ ಒಂದೊಂದನ್ನೂ ನೀರಿನಲ್ಲಿ ಮಲಗಿಸಿದಳು. ಕಂಪನಿಯವರ ಹೆಮ್ಮೆಯ ಕೈಕಾಗದ ಎಷ್ಟು ಹೊತ್ತು ತಡೆದೀತು? ಹೆಬ್ಬೆರಳಿನಿಂದ ತಿಕ್ಕಿ, ಬೇರಿನ ಎಳೆ ಬಿಡಿಸಿದಂತೆ ಮುಖಗಳನ್ನು ಬಿಡಿಸಿ ಅಂಗಳದ ಬಂಡೆಯ ಮೇಲೆ ಹಚ್ಚಿದಳು. ಬೋಳು ಬಾಟಲಿಗಳನ್ನು ಒರೆಸಿ ಅವರವರಿಗೇ ವಾಪಸು ಕೊಟ್ಟಳು.

"ದಾರು ನಿಮ್ದು, ಒಯ್ರಿ. ಮಾರಿ ನಂದು."

ಉಮಾಕಾಂತ ಕಾಗದ, ಹೆಬ್ಬೆಟ್ಟು ಎಂದು ಏನೋ ತೊದಲಿದ. "ಆ ಹೆಬ್ಬೆಟ್ಟ ಇದ ನೋಡು" ಎಂದು ಒದ್ದೆ ಹೆಬ್ಬೆರಳನ್ನು ಅವನ ಮುಂದೆ ಹಿಡಿದಳು.

ಬಂಡೆಯ ಮೇಲೆ ಏಳು ಮುಖ ಇದ್ದವು. ಅವಳು ಎಣಿಸಿ ತಲೆ ಎತ್ತಿದಳು. ನನ್ನ ಚೀಲವನ್ನು ನೋಡಿದಳು, ಆಮೇಲೆ ನನ್ನನ್ನು.

"ನೀ ಅಮೃತಬಾಯಿ ಮಗ ಅಲ್ಲೇನು? ನಿಂದೂ ತಾ ತಮ್ಮಾ."

ಕೊಟ್ಟೆ. ಅವಳು ಬೈದಿದ್ದರೆ ಬದುಕುತ್ತಿದ್ದೆ. ಚೀಟಿ ತಿಕ್ಕುತ್ತಾ, "ಅವ್ವ ಆರಾಮ ಅದಾಳೇನು?" ಎಂದಳು.

"ಅದಾಳ."

"ಆಕಿಗಿ ಹೇಳಬ್ಯಾಡಪ್ಪಾ, ನನ್ನ ಜ್ವಾಳ ದಾರು ಆತು ಅಂತ."

ನಾಚಿಕೆಪಟ್ಟವಳು ಅವಳು! ಉಮಾಕಾಂತ ನಾಚಲಿಲ್ಲ, ಅವನ ಕಂಪನಿ ನಾಚಲಿಲ್ಲ, ಉಗುಳಿ ಬಂದ ನಾವು ವ್ಯಾನಿನಲ್ಲಿ ಊಟ ತಪ್ಪಿತೆಂದು ಗೊಣಗಿದೆವು. ಆರು ತಿಂಗಳು ಕೂಸಿಗೆಂದು ಕಲ್ಲು ಆರಿಸಿದವಳು ನಮ್ಮವ್ವನಿಗೆ ಮುಖ ತೋರಿಸಲು ಹೆದರಿದಳು. ಅವ್ವನಿಗೆ ನಾನು ಮರುದಿನವೇ ಹೇಳಿದೆ. ಅವಳು ಚಪ್ಪಲಿ ಮೆಟ್ಟಿ ಕಂಗ್ಟಿ ಬಸ್ಸು ಹತ್ತಿದಳು. ನಾಲ್ಕು ದಿನ ಪೀರಮ್ಮನ ಜೊತೆ ಕೂತು ಮೂರು ಚೀಲದಲ್ಲಿ ಅವಳ ಪಾಲನ್ನು ಹುರಿದು, ಬೀಸಿ, ಸುತ್ತಲಿನ ಅಂಗನವಾಡಿಗಳಿಗೆ ಹಂಚಿ ಬಂದಳು.

ಹತ್ತು ಹೆಂಗಸರಲ್ಲಿ ಆರು ಮಂದಿ ಬಿಟ್ಟರು. ನಾಲ್ವರು ಉಮಾಕಾಂತನಿಗೆ ಇನ್ನೂ ಕೊಡುತ್ತಾರೆ. ಪೀರಮ್ಮ ಅವರ ಜೊತೆ ಮಾತು ಬಿಟ್ಟಿಲ್ಲ. ಬಾಟಲಿಯ ಮೇಲೆ ಈಗ ಯಾರದೂ ಅಲ್ಲದ ಮುದುಕಿಯ ಚಿತ್ರವಿದೆ. ಹೆಸರು 'ಆಯಿ' ಅಂತಲೇ ಇದೆ.

ಪೀರಮ್ಮ ಸಂತೆಗೆ ಬರುತ್ತಾಳೆ. "ಯಾಕ ಒಯ್ಯಾಕತ್ತಿ?" ಎಂದು ಮೊದಲಿನಂತೆಯೇ ಕೇಳುತ್ತಾಳೆ. ರೊಟ್ಟಿಗೆ ಎಂದರೆ ಅಳೆಯುತ್ತಾಳೆ. ಮಾಲ್ಟಿಗೆ ಎಂದರೆ ಸೇರು ಕೆಳಗಿಟ್ಟು ಮುಖ ನೋಡುತ್ತಾಳೆ.

"ಯಾವ ಮಾಲ್ಟ್?"